ಮಾದಲಿಯೂ ಕೆಂಡದ ಮುಚ್ಚಳದ ಸಿಹಿ ರೊಟ್ಟಿಯೂ

ವಿಜಯಪುರ, ತಿಕೋಟಾ, ಬಬಲೇಶ್ವರ ಸೀಮೆಯ ಎರೆಭೂಮಿಯಲ್ಲಿ ಬಿಳಿಜೋಳದ ಜೊತೆಗೆ ಹಿಂಗಾರಿ ಗೋದಿಯೂ ಬೆಳೆಯುತ್ತ ಬಂದಿದೆ. ಆದರೂ ಈ ನಾಡಿನ ಅಡುಗೆಮನೆಯಲ್ಲಿ ಹುದುಗಿನಿಂದ ಉಬ್ಬಿದ ರೊಟ್ಟಿ ಹುಟ್ಟಲಿಲ್ಲ. ಹುಟ್ಟಿದ್ದು ಹುಗ್ಗಿ, ಸಜ್ಜಕ, ಮಾದಲಿ. ಇದಕ್ಕೆ ಕಾರಣವನ್ನು ಜನರ ಅರಿವಿನ ಕೊರತೆಯಲ್ಲಿ ಹುಡುಕುವುದು ಸಲ್ಲದು. ಅದು ಕಾಳಿನಲ್ಲಿಯೇ ಅಡಗಿದೆ.

ಇಲ್ಲಿಯ ಮಳೆಯಾಶ್ರಿತ ಹೊಲಗಳ ಹಳೆಯ ಗೋದಿ ಡ್ಯೂರಮ್ ಜಾತಿಯದು. ಬಿಜಗಾ ಯೆಲ್ಲೊ ಎಂಬ ಹೆಸರಾಂತ ತಳಿ ಈ ಗುಂಪಿಗೆ ಸೇರಿದ್ದು. ಸದಕವೆಂದೂ ಕರೆಯುವ ಜವೆಗೋದಿ ಮತ್ತೊಂದು ಜಾತಿ. ಇವೆರಡರಲ್ಲಿಯೂ 28 ವರ್ಣತಂತುಗಳಿದ್ದರೆ ಬ್ರೆಡ್ಡಿಗೆ ಒದಗುವ ಗೋದಿಯಲ್ಲಿ 42 ಇರುತ್ತವೆ. ಆ ಹೆಚ್ಚಿನ ಭಾಗದಿಂದಲೇ ಅದರ ಅಂಟಿಗೆ ಹಿಗ್ಗುವ ಗುಣ ಬಹುಮಟ್ಟಿಗೆ ಬಂದಿದೆ. ಡ್ಯೂರಮ್ ಕಣಕ ಗಟ್ಟಿ, ಆದರೆ ಎಳೆದರೆ ಹರಿಯುತ್ತದೆ. ಜವೆಗೋದಿಯದು ಇನ್ನೂ ದುರ್ಬಲ. ಹುದುಗಿನ ಗಾಳಿಯನ್ನು ಇವು ಹಿಡಿದಿಡಲಾರವು.

ಹಾಗೆ ಉಬ್ಬದ ಹಿಟ್ಟಿನಿಂದ ಮೃದುವಾದ ಸಿಹಿಯನ್ನು ಪಡೆದ ಜಾಣ್ಮೆಯೇ ಮಾದಲಿ. ತರಿಯಾದ ಗೋದಿ ಹಿಟ್ಟನ್ನು ಎಣ್ಣೆ, ನೀರು ಹಾಕಿ ಬಿಗಿಯಾಗಿ ನಾದಿ, ದಪ್ಪ ರೊಟ್ಟಿ ಲಟ್ಟಿಸಿ, ಸಣ್ಣ ಉರಿಯಲ್ಲಿ ಕಟಿಯಾಗುವವರೆಗೆ ಬೇಯಿಸುತ್ತಾರೆ. ಅನಂತರ ಮುರಿದು ಕುಟ್ಟಿ, ಸಾಣಿಸಿ, ಬೆಲ್ಲದ ಪುಡಿ, ಏಲಕ್ಕಿ, ಒಣಶುಂಠಿ, ಜಾಜಿಕಾಯಿ, ಗಸಗಸೆ, ಪುಠಾಣಿ, ಒಣಕೊಬ್ಬರಿ ಬೆರೆಸುತ್ತಾರೆ. ಹಾಲು, ತುಪ್ಪ ಬರುವುದು ಎಡೆಯ ಮೇಲೆ ಮಾತ್ರ, ಪಾಕದೊಳಗೆ ಅವಿಲ್ಲ. ಆದುದರಿಂದಲೇ ಇದು ಹಲವು ದಿನ ಕೆಡದೆ ದೂರದ ಪಯಣದ ಬುತ್ತಿಯಾಗಬಲ್ಲದು.

ಪಾಶ್ಚಾತ್ಯರ ದಾಲ್ಚಿನ್ನಿಯ ಸಿಹಿ ರೊಟ್ಟಿ ಇದೇ ರುಚಿಯನ್ನು ಬೇರೊಂದು ದಾರಿಯಿಂದ ತಲುಪುತ್ತದೆ. ಸಣ್ಣ ಸಣ್ಣ ಉಂಡೆಗಳನ್ನು ಒತ್ತೊತ್ತಾಗಿ ಜೋಡಿಸಿ ಬೇಯಿಸಿದ ಇದನ್ನು ಕೊಯ್ಯದೆ ಬಿಡಿಸಿ ತಿನ್ನುತ್ತಾರೆ. ಒಲೆಗೂಡು ಇಲ್ಲದ ಮನೆಯಲ್ಲಿ ಬೀಡುಕಬ್ಬಿಣದ ದಪ್ಪ ಪಾತ್ರೆ ಸಾಕು. ಇಂಗ್ಲೆಂಡಿನ ಅಬ್ರಹಾಂ ಡಾರ್ಬಿ 1707ರಲ್ಲಿ ಮರಳಿನ ಅಚ್ಚಿನಲ್ಲಿ ಇಂತಹ ಪಾತ್ರೆ ಎರೆಯುವ ವಿಧಾನಕ್ಕೆ ಹಕ್ಕುಪತ್ರ ಪಡೆದನು. ಮುಚ್ಚಳ ಆವಿಯನ್ನು ಒಳಗೇ ಹಿಡಿಯುವುದರಿಂದ ಮೇಲಿನ ಪದರ ಬೇಗ ಗಟ್ಟಿಯಾಗದೆ ರೊಟ್ಟಿ ಉಬ್ಬಲು ಸಮಯ ದೊರೆಯುತ್ತದೆ.

ಈ ರೊಟ್ಟಿಗೆ ಹಾಲು, ಬೆಣ್ಣೆ ಅನಿವಾರ್ಯವಲ್ಲ. ಹುದುಗಿಗೆ ಬೇಕಾದುದು ಸಕ್ಕರೆ. ಅದು ಹಿಟ್ಟಿನಲ್ಲಿಯೂ ಬೆಲ್ಲದಲ್ಲಿಯೂ ಉಂಟು. ಮಾರ್ದವಕ್ಕೆ ನಮ್ಮಲ್ಲಿ ಕುಸುಬಿ ಇದೆ. ನೆನೆಸಿ ರುಬ್ಬಿ ಸೋಸಿದ ಕುಸುಬಿ ಹಾಲನ್ನು ಹುಗ್ಗಿಗೆ ಹಾಕಿ ಬಲ್ಲ ತಾಯಂದಿರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಹಾಲು ಅರಗದ ಮಕ್ಕಳೂ ಇದನ್ನು ಪಂಕ್ತಿಯಲ್ಲಿ ಎಲ್ಲರೊಡನೆ ಉಣ್ಣಬಹುದು.

350 ಗ್ರಾಂ ಮೈದಾ, 150 ಗ್ರಾಂ ಸ್ಥಳೀಯ ಗೋದಿ ಹಿಟ್ಟು, 7 ಗ್ರಾಂ ಒಣ ಈಸ್ಟ್, 60 ಗ್ರಾಂ ಬೆಲ್ಲ, 8 ಗ್ರಾಂ ಉಪ್ಪು, 40 ಗ್ರಾಂ ಕುಸುಬಿ ಎಣ್ಣೆ, ಸುಮಾರು 300 ಮಿಲಿಲೀಟರ್ ಕುಸುಬಿ ಹಾಲು ಕೂಡಿಸಿ ಚೆನ್ನಾಗಿ ನಾದಬೇಕು. ಇಡಿಯಾಗಿ ಸ್ಥಳೀಯ ಹಿಟ್ಟನ್ನೇ ಬಳಸಿದರೆ ರೊಟ್ಟಿ ಕಲ್ಲಾಗುವುದು. ಕಣಕ ಇಮ್ಮಡಿಯಾದ ಮೇಲೆ ನಿಂಬೆ ಗಾತ್ರದ ಉಂಡೆ ಮಾಡಿ, ಎಣ್ಣೆಯಲ್ಲಿ ಅದ್ದಿ, ದಾಲ್ಚಿನ್ನಿ ಬೆರೆಸಿದ ಬೆಲ್ಲದ ಪುಡಿಯಲ್ಲಿ ಹೊರಳಿಸಿ ಜೋಡಿಸುವುದು. ದಾಲ್ಚಿನ್ನಿ ಹುದುಗನ್ನು ಕುಂದಿಸುವುದರಿಂದ ಅದನ್ನು ಕಣಕದೊಳಗೆ ಹಾಕಬಾರದು. ನಡುನಡುವೆ ತಿಕೋಟಾ ಸುತ್ತಲಿನ ತೋಟಗಳ ಒಣದ್ರಾಕ್ಷಿ ಇಡಬಹುದು. ಮತ್ತೆ 40 ನಿಮಿಷ ಉಬ್ಬಲು ಬಿಡಬೇಕು.

ಕೆಂಡದ ಹಂಚಿಕೆಯಲ್ಲಿಯೇ ಕೌಶಲವಿರುವುದು. ಕೆಳಗೆ ಒಂದು ಪಾಲು, ಮುಚ್ಚಳದ ಮೇಲೆ ಎರಡು ಪಾಲು. ತಳದಲ್ಲಿ ಹೆಚ್ಚಾದರೆ ಬೆಲ್ಲ ಕರಕಾಗಿ ಕಹಿಯಾಗುವುದು. 35-40 ನಿಮಿಷಗಳಲ್ಲಿ ಬೇಯುತ್ತದೆ. ಬಿಸಿಯಿರುವಾಗಲೇ ಬಿಡಿಸಿಕೊಳ್ಳುವುದು ಒಳ್ಳೆಯದು. ಮರುದಿನಕ್ಕೆ ಉಳಿದು ಗಟ್ಟಿಯಾದ ತುಂಡುಗಳನ್ನು ಹಂಚಿನ ಮೇಲೆ ಗರಿಗರಿಯಾಗಿಸಿ ಕುಟ್ಟಿ, ಕೊಬ್ಬರಿ, ಗಸಗಸೆ ಸೇರಿಸಿದರೆ ಅದೂ ಒಂದು ಬಗೆಯ ಮಾದಲಿಯೇ.