ಮೋಸೆಸ್ ಅಜ್ಜಿಯ ಚಳಿಗಾಲ

ಹಿಮ ಬೀಳುವುದನ್ನು ಕಣ್ಣಾರೆ ಕಂಡವರು ನಮ್ಮಲ್ಲಿ ಎಷ್ಟು ಮಂದಿ? ತೀರ ಕಡಿಮೆ. ಆದರೆ ಹಿಮದ ಚಿತ್ರವನ್ನು ಕಾಣದವರೂ ಅಷ್ಟೇ ಕಡಿಮೆ. ಕ್ರಿಸ್ಮಸ್ ಕಾಲದ ಶುಭಾಶಯದ ಕಾಗದಗಳನ್ನು ನೀವು ನೋಡಿಯೇ ಇರುತ್ತೀರಿ. ಬಿಳಿಯ ಗುಡ್ಡ, ಕೆಂಪು ಬಣ್ಣದ ಕೊಟ್ಟಿಗೆ, ಕುದುರೆ ಕಟ್ಟಿದ ಜಾರುಬಂಡಿ, ಅಲ್ಲಲ್ಲಿ ಚುಕ್ಕಿಯಷ್ಟಷ್ಟೇ ಮಕ್ಕಳು. ಇಂಥ ಚಿತ್ರಗಳನ್ನು ಅಮೆರಿಕದ ಮನೆಮನೆಗೂ ಮುಟ್ಟಿಸಿದವರಲ್ಲಿ ಒಬ್ಬಾಕೆ ಯಾವ ಚಿತ್ರಶಾಲೆಯ ಮೆಟ್ಟಿಲನ್ನೂ ಹತ್ತಿದವಳಲ್ಲ. ಕುಂಚ ಹಿಡಿದು ಕೂತದ್ದೇ ಎಪ್ಪತ್ತೈದು ದಾಟಿದ ಮೇಲೆ. ಅಷ್ಟು ಹೊತ್ತಿಗೆ ಮಕ್ಕಳು ದೊಡ್ಡವರಾಗಿದ್ದರು, ಗಂಡ ತೀರಿಕೊಂಡಿದ್ದ, ಬೆರಳಿನ ಗೆಣ್ಣುಗಳು ಬಿಗಿಯತೊಡಗಿದ್ದವು. ಆಕೆಯ ಹೆಸರು ಆನಾ ಮೇರಿ ರಾಬರ್ಟ್‌ಸನ್ ಮೋಸೆಸ್. ಲೋಕ ಕರೆದದ್ದು ಮೋಸೆಸ್ ಅಜ್ಜಿ ಎಂದು.

ಅಜ್ಜಿ ಹುಟ್ಟಿದ್ದು 1860ರ ಸೆಪ್ಟೆಂಬರಿನಲ್ಲಿ, ನ್ಯೂಯಾರ್ಕ್ ರಾಜ್ಯದ ಒಂದು ಬೇಸಾಯಗಾರರ ಮನೆಯಲ್ಲಿ. ನ್ಯೂಯಾರ್ಕ್ ಎಂದೊಡನೆ ಮುಗಿಲು ಮುಟ್ಟುವ ಮಹಡಿಗಳನ್ನು ನೆನೆದುಕೊಳ್ಳಬೇಡಿ. ಇದು ಆ ರಾಜ್ಯದ ಈಶಾನ್ಯಕ್ಕಿರುವ ಹಳ್ಳಿಗಾಡು. ವರ್ಮಾಂಟ್ ರಾಜ್ಯದ ಗಡಿಗೆ ಹತ್ತಿರ. ಹನ್ನೆರಡನೆಯ ವಯಸ್ಸಿಗೆ ಹುಡುಗಿ ನೆರೆಯವರ ಮನೆಯಲ್ಲಿ ಕೆಲಸಕ್ಕೆ ನಿಂತಳು. ಅಡಿಗೆ, ಬಟ್ಟೆ ಒಗೆತ, ಹೊಲಿಗೆ, ಹೀಗೆ ಹದಿನೈದು ವರ್ಷ ಪರರ ಮನೆಯ ಚಾಕರಿ. 1887ರಲ್ಲಿ ಮದುವೆ. ಗಂಡನೊಡನೆ ದಕ್ಷಿಣದ ವರ್ಜೀನಿಯಕ್ಕೆ ಹೋಗಿ ಗೇಣಿಗೆ ಹೊಲ ಹಿಡಿದು, ಬೆಣ್ಣೆ ಕಡೆದು ಮಾರಿ ಸಂಸಾರ ತೂಗಿಸಿದಳು. ಹೆತ್ತದ್ದು ಹತ್ತು ಮಕ್ಕಳನ್ನು, ಉಳಿದದ್ದು ಐದು. 1905ರಲ್ಲಿ ದಂಪತಿಗಳು ತವರಿನ ಸೀಮೆಗೆ ಮರಳಿ, ಈಗಲ್ ಬ್ರಿಜ್ ಎಂಬಲ್ಲಿ ಹೊಲಮನೆ ಕೊಂಡು ನೆಲೆನಿಂತರು. ಗಂಡ 1927ರಲ್ಲಿ ಕಾಲವಾದ.

ಇಷ್ಟರಲ್ಲಿ ಚಿತ್ರಕಲೆ ಎಲ್ಲಿ ಬಂತು ಎಂದು ನೀವು ಕೇಳಬಹುದು. ಬಂದದ್ದು ಕಣ್ಣಿಗೆ ಬೀಳದ ದಾರಿಗಳಿಂದ. ಬಾಲ್ಯದಲ್ಲಿ ತಂದೆ ಮಕ್ಕಳಿಗೆ ಅಗ್ಗದ ಬಿಳಿ ಕಾಗದ ತಂದುಕೊಡುತ್ತಿದ್ದನಂತೆ. ಈಕೆ ಹಣ್ಣಿನ ರಸದಿಂದ ಬಣ್ಣ ಮಾಡಿ ಗೀಚುತ್ತಿದ್ದಳು. ಆ ತಂದೆಯೂ ಅಂಥವನೇ. ಕಾಯಿಲೆಯಿಂದ ಎದ್ದ ಮೇಲೆ ಮನೆಯ ಗೋಡೆಗೆ ಅಂಗಡಿಯ ಕಾಗದ ಅಂಟಿಸುವ ಬದಲು, ತಾನೇ ಕೆರೆ ಬೆಟ್ಟಗಳ ನೋಟವನ್ನು ಬರೆದನಂತೆ. ಆಮೇಲೆ ಸಂಸಾರದ ನಡುವೆ, 1918ರ ಸುಮಾರಿಗೆ, ಅಗ್ಗಿಷ್ಟಿಕೆಯ ಬಾಯಿಗೆ ಮುಚ್ಚುವ ಹಲಗೆಯ ಮೇಲೆ ಗೋಡೆ ಕಾಗದ ಸಾಲದೆ ಹೋದಾಗ, ಅಲ್ಲೊಂದು ಮರಗಿಡಗಳ ಚಿತ್ರ ತೆಗೆದಳು. ವಿಧವೆಯಾದ ಮೇಲೆ ಮಗಳಿಗಾಗಿ ಉಣ್ಣೆಯ ನೂಲಿನಲ್ಲಿ ಚಿತ್ರಗಳನ್ನು ಕಸೂತಿ ಹಾಕತೊಡಗಿದಳು. ಕೀಲುವಾತ ಬಂದು ಸೂಜಿ ಹಿಡಿಯುವುದು ಕಷ್ಟವಾಯಿತು. ಸೂಜಿಗಿಂತ ಕುಂಚ ಹಗುರ, ಬಣ್ಣ ಹಚ್ಚಿ ನೋಡು ಎಂದು ತಂಗಿ ಸಲಹೆ ಕೊಟ್ಟಳು. ಕೈ ಸೋತಾಗ ಕೆಲಸ ಬಿಡದೆ ಉಪಕರಣ ಬದಲಿಸಿದ್ದು, ಇದೇ ಆಕೆಯ ಕಲಾಭ್ಯಾಸದ ಆರಂಭ. ಪ್ರೇರಣೆ, ಸ್ಫೂರ್ತಿ ಮುಂತಾದ ದೊಡ್ಡ ಮಾತುಗಳಿಗೆ ಇಲ್ಲಿ ಎಡೆಯೇ ಇಲ್ಲ.

ಅಜ್ಜಿ ಒಮ್ಮೆ ತನ್ನ ಚಿತ್ರಗಳನ್ನೂ ಹಣ್ಣಿನ ಮುರಬ್ಬದ ಜಾಡಿಗಳನ್ನೂ ಒಟ್ಟಿಗೆ ಸ್ಥಳೀಯ ಪ್ರದರ್ಶನಕ್ಕೆ ಒಯ್ದಳು. ಮುರಬ್ಬಕ್ಕೆ ಬಹುಮಾನ ಬಂತು, ಚಿತ್ರಗಳಿಗೆ ಬರಲಿಲ್ಲ. ಈ ಕಥೆಯನ್ನು ಕೇಳಿ ನಗುವವರೇ ಹೆಚ್ಚು. ನನಗೆ ಆ ತೀರ್ಪುಗಾರರ ಮೇಲೆ ಕೋಪವಿಲ್ಲ. ಮುರಬ್ಬ ಚೆನ್ನಾಗಿಯೇ ಇದ್ದಿರಬೇಕು. ಎರಡನ್ನೂ ಒಂದೇ ಬುಟ್ಟಿಯಲ್ಲಿ ಹೊತ್ತುಕೊಂಡು ಹೋದಳಲ್ಲ, ನಾವು ನೋಡಬೇಕಾದ್ದು ಅದನ್ನು. ಆಕೆಯ ಮನಸ್ಸಿನಲ್ಲಿ ಅವೆರಡೂ ಒಂದೇ ಜಾತಿಯವು: ಮನೆಯಲ್ಲಿ, ಕೈಯಾರೆ, ಇದ್ದುದರಲ್ಲಿ ಚೆನ್ನಾಗಿ ಮಾಡಿದ ಪದಾರ್ಥಗಳು.

1938ರಲ್ಲಿ ಹೂಸಿಕ್ ಫಾಲ್ಸ್ ಎಂಬ ಊರಿನ ಔಷಧದ ಅಂಗಡಿಯ ಕಿಟಕಿಯಲ್ಲಿ ಅಜ್ಜಿಯ ಚಿತ್ರಗಳನ್ನು ಇಟ್ಟಿದ್ದರು. ಮೂರು ಡಾಲರು, ಐದು ಡಾಲರು, ಅಳತೆಗೆ ತಕ್ಕ ಬೆಲೆ. ಆ ದಾರಿಯಾಗಿ ಬಂದ ಲೂಯಿ ಕಾಲ್ಡರ್ ಎಂಬ ಎಂಜಿನಿಯರು ಅಷ್ಟನ್ನೂ ಕೊಂಡು, ಅಜ್ಜಿಯ ಮನೆ ಹುಡುಕಿಕೊಂಡು ಹೋದ. ಅಜ್ಜಿ ಮನೆಯಲ್ಲಿರಲಿಲ್ಲ. ಇನ್ನೂ ಹತ್ತು ಚಿತ್ರಗಳಿವೆ, ನಾಳೆ ಬನ್ನಿ ಎಂದು ಸೊಸೆ ಹೇಳಿಬಿಟ್ಟಳು. ಹುಡುಕಿದರೆ ಒಂಬತ್ತೇ! ಅಜ್ಜಿ ಒಂದು ದೊಡ್ಡ ಚಿತ್ರವನ್ನು ನಡುವೆ ಕತ್ತರಿಸಿ, ಎರಡು ಚೌಕಟ್ಟು ಹಾಕಿ, ಹತ್ತು ಮಾಡಿದಳು. ಕೊಟ್ಟ ಮಾತು ಉಳಿಯಬೇಕಲ್ಲ. ಚಿತ್ರವನ್ನು ದೇವರಂತೆ ಪೂಜಿಸುವ ಕಲಾವಿದ ಈ ಕೆಲಸ ಮಾಡಲಾರ. ಹೊಲಿಗೆ ಬಲ್ಲ ಹೆಂಗಸು ಅಳುಕದೆ ಮಾಡಿಯಾಳು.

ಆಕೆ ಕೆಲಸ ಮಾಡುತ್ತಿದ್ದ ಬಗೆಯೂ ಹೀಗೆಯೇ. ಮೊದಲು ಚಿತ್ರವಲ್ಲ, ಚೌಕಟ್ಟು. ಹಳೆಯದೊಂದು ಚೌಕಟ್ಟು ಸಿಕ್ಕಿದರೆ ಅದಕ್ಕೆ ಹೊಂದುವಂತೆ ಒತ್ತುಹಲಗೆಯನ್ನು ಕೊಯ್ಯುವುದು. ಹಲಗೆಗೆ ಅಗಸೆ ಎಣ್ಣೆ ಸವರುವುದು. ಅದರ ಮೇಲೆ ಮನೆಗೆ ಬಳಿಯುವ ಬಿಳಿಯ ಬಣ್ಣವನ್ನೇ ಮೂರು ಸಲ ಬಳಿಯುವುದು. ಅದು ಒಣಗಿದ ಮೇಲೆ ಮೇಲಿನಿಂದ ಕೆಳಕ್ಕೆ ಕೆಲಸ: ಮೊದಲು ಆಕಾಶ, ಆಮೇಲೆ ದೂರದ ಬೆಟ್ಟ, ಗುಡ್ಡ, ಮರ, ಮನೆ, ದನಕರು, ಕಟ್ಟಕಡೆಗೆ ಮನುಷ್ಯರು. ಮೂರು ನಾಲ್ಕು ಹಲಗೆಗಳನ್ನು ಒಟ್ಟಿಗೆ ಹಿಡಿಯುವುದೂ ಉಂಟು. ಒಂದಕ್ಕೆ ಆಕಾಶ ಹಚ್ಚಿದ ಕೈಯಲ್ಲೇ ಎಲ್ಲದಕ್ಕೂ ಆಕಾಶ. ಹಪ್ಪಳ ಮಾಡುವ ದಿನ ನಮ್ಮ ಮನೆಗಳಲ್ಲಿ ಹಿಟ್ಟು ಕಲಸಿದವರು ಒಂದೇ ಹಪ್ಪಳಕ್ಕೆ ನಿಲ್ಲುತ್ತಾರೆಯೆ? ಮನುಷ್ಯರ ಆಕಾರ ಸರಿಯಾಗಿ ಬರದಿದ್ದರೆ ಪತ್ರಿಕೆಗಳಿಂದಲೂ ಶುಭಾಶಯದ ಕಾಗದಗಳಿಂದಲೂ ಕತ್ತರಿಸಿ ಇಟ್ಟುಕೊಂಡ ಚಿತ್ರಗಳನ್ನು ಹಲಗೆಯ ಮೇಲಿಟ್ಟು ಅಂಚು ಎಳೆದುಕೊಳ್ಳುವಳು. ಕಣ್ಣು ಬಾಯಿ ಮೂಡಿಸಲು ಬೆಂಕಿಕಡ್ಡಿಯ ತುದಿ, ಗುಂಡುಸೂಜಿ. ಕುಂಚಕ್ಕೆ ಹಣ ಸುರಿಯಬೇಕೆಂದು ಹವ್ಯಾಸವನ್ನು ಮುಂದೂಡುತ್ತಿರುವವರು ಯಾರಾದರೂ ನಿಮ್ಮಲ್ಲಿದ್ದರೆ, ಈ ಬೆಂಕಿಕಡ್ಡಿಯನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಇನ್ನು ಹಿಮದ ಮಾತು. ಬಿಳಿಯ ಮೇಲೆ ಬಿಳಿ ಹಚ್ಚಿದರೆ ಹಿಮವಾಗುವುದಿಲ್ಲ, ಹಚ್ಚಿದವರಿಗೇ ಅದು ಗೊತ್ತು. ಹಿಮ ಕಾಣಿಸಬೇಕಾದರೆ ಅದರ ಪಕ್ಕದಲ್ಲಿ ಬೇರೆ ಬಣ್ಣಗಳು ಬೇಕು. ಅಜ್ಜಿಯ ಚಿತ್ರದಲ್ಲಿ ಬೋಳು ಮರಗಳ ಕಂದು, ಕೊಟ್ಟಿಗೆಯ ಕೆಂಪು, ಮಕ್ಕಳ ಅಂಗಿಗಳ ಹಳದಿ ನೀಲಿ, ಇವೆಲ್ಲ ಹಿಮವನ್ನು ಬೆಳ್ಳಗಾಗಿಸಲೆಂದೇ ನಿಂತಂತಿವೆ. ಹಿಮದಲ್ಲಿ ನೆರಳು ತೋರಿಸು, ಇನ್ನಷ್ಟು ನೀಲಿ ಬೆರಸು ಎಂದು ತಿಳಿದವರು ಆಕೆಗೆ ಹೇಳಿದ್ದುಂಟು. 1952ರಲ್ಲಿ ಬಂದ ತನ್ನ ಆತ್ಮಕಥೆಯಲ್ಲಿ ಆಕೆ ಇದಕ್ಕೆ ಉತ್ತರ ಕೊಟ್ಟಿದ್ದಾಳೆ. ಹಿಮವನ್ನು ಎಷ್ಟು ನೋಡಿದರೂ ತನಗೆ ನೀಲಿ ಕಾಣಲಿಲ್ಲವೆಂದೂ, ಮರದ ನೆರಳೇನಾದರೂ ಬಿದ್ದರೆ ಅದು ತನ್ನ ಕಣ್ಣಿಗೆ ಬೂದುಬಣ್ಣವೆಂದೂ ಆ ಉತ್ತರದ ಸಾರಾಂಶ. ಶಾಸ್ತ್ರ ಏನು ಹೇಳುತ್ತದೆ? ತಿಳಿಯಾದ ಹಗಲಿನಲ್ಲಿ ನೆರಳಿರುವ ಕಡೆಗೆ ಬಿಸಿಲು ಬೀಳದು, ನೀಲಿ ಆಕಾಶದ ಬೆಳಕು ಮಾತ್ರ ಬೀಳುತ್ತದೆ. ಆದುದರಿಂದ ಹಿಮದ ಮೇಲಿನ ನೆರಳಿಗೆ ನೀಲಿಯ ಛಾಯೆ. ಮೋಡ ಕವಿದ ದಿನ ಆ ನೀಲಿ ಇರುವುದಿಲ್ಲ. ಹೇಳಿದವರದೂ ಸುಳ್ಳಲ್ಲ, ಅಜ್ಜಿಯದೂ ಸುಳ್ಳಲ್ಲ. ಆದರೆ ಅಜ್ಜಿ ಬೇರೆಯವರ ಮಾತಿಗೆ ಬಣ್ಣ ಹಚ್ಚುವ ಮೊದಲು ಬಾಗಿಲು ತೆರೆದು ಹಿಮವನ್ನು ನೋಡಿದಳು. ಹಿಮ ಮಿನುಗುತ್ತದೆ ಎಂಬುದೂ ಆಕೆ ನೋಡಿ ಕಂಡದ್ದೇ. ಅದಕ್ಕಾಗಿ ಬಣ್ಣದ ಮೇಲೆ ಮಿಂಚುಪುಡಿಯನ್ನು ಉದುರಿಸುತ್ತಿದ್ದಳು. ಕಲಾಪಂಡಿತರು ಮೂಗು ಮುರಿಯಬಹುದಾದ ಕೆಲಸ, ನಿಜ. ನಾಟಕದ ಕಿರೀಟಕ್ಕೆ ಹಚ್ಚುವ ಸಾಮಾನಲ್ಲವೆ ಅದು!

ಹಬ್ಬಗಳ ಚಿತ್ರಗಳಲ್ಲಿ ಅಜ್ಜಿಯ ಕಣ್ಣು ಎಲ್ಲಿರುತ್ತದೆ ಎಂಬುದನ್ನು ಗಮನಿಸಬೇಕು. ಅಮೆರಿಕದವರಿಗೆ ನವೆಂಬರು ತಿಂಗಳ ನಾಲ್ಕನೆಯ ಗುರುವಾರ ಕೃತಜ್ಞತೆಯ ಹಬ್ಬ. ಅಂದು ಟರ್ಕಿ ಕೋಳಿಯ ಊಟ. 1943ರ ಒಂದು ಚಿತ್ರ, ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿರುವುದು, ಈ ಹಬ್ಬದ್ದೇ. ಆದರೆ ಅದರಲ್ಲಿ ಊಟವಿಲ್ಲ. ಹಿಮ ಬಿದ್ದ ಅಂಗಳದಲ್ಲಿ ಕೋಳಿಗಳನ್ನು ಹಿಡಿಯಲು ಜನ ಓಡಾಡುತ್ತಿದ್ದಾರೆ. 1946ರ ಇನ್ನೊಂದರಲ್ಲಿ ಕ್ರಿಸ್ಮಸ್ ಮರ ಕಡಿದು ತರುವ ಸಡಗರ. ಹಬ್ಬದೂಟ ಕುಳಿತಿರುವ ಚಿತ್ರಗಳನ್ನೂ ಆಕೆ ಬರೆದಿದ್ದಾಳೆ, ಇಲ್ಲವೆಂದಲ್ಲ. ಆದರೂ ಆಕೆಯ ಕೈಗೆ ಹೆಚ್ಚು ಹುರುಪು ಬರುವುದು ಹಬ್ಬದ ಹಿಂದಿನ ದಿನದ ಕೆಲಸದಲ್ಲಿ. ಹಬ್ಬವೆಂದರೆ ರಜೆ ಎಂಬುದು ಉಣ್ಣುವವರ ಮಾತು. ಒಲೆಯ ಮುಂದೆ ನಿಂತವರನ್ನು ನಿಮ್ಮ ಮನೆಯಲ್ಲಿಯೇ ಕೇಳಿ ನೋಡಿ. ಹನ್ನೆರಡು ವರ್ಷಕ್ಕೇ ಪರರ ಮನೆಯ ಹಬ್ಬಕ್ಕೆ ಅಡಿಗೆ ಮಾಡಿದವಳಿಗೆ ಈ ಸಂಗತಿ ಬೇರೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆಕೆಗೆ ತೀರ ಪ್ರಿಯವಾಗಿದ್ದ ಒಂದು ವಿಷಯ ಮೇಪಲ್ ಮರದ ಸಕ್ಕರೆ. ಚಳಿಗಾಲ ಮುಗಿಯುತ್ತ ಬಂದಾಗ, ರಾತ್ರಿ ನೀರು ಹೆಪ್ಪುಗಟ್ಟಿ ಹಗಲು ಕರಗುವ ದಿನಗಳಲ್ಲಿ, ಈ ಮರದಲ್ಲಿ ರಸ ಓಡಾಡತೊಡಗುತ್ತದೆ. ಕಾಂಡಕ್ಕೆ ತೂತು ಕೊರೆದು, ಕೊಳವೆ ಸಿಕ್ಕಿಸಿ, ಬಕೆಟ್ಟು ತೂಗುಹಾಕುತ್ತಾರೆ. ರಸ ನೀರಿನಷ್ಟೇ ತೆಳು. ಸುಮಾರು 40 ಕೊಡ ರಸವನ್ನು ಕುದಿಸಿದರೆ 1 ಕೊಡ ಪಾಕ. ಅದನ್ನು ಇನ್ನೂ ಕಾಯಿಸಿದರೆ ಸಕ್ಕರೆ. ಹಿಮದ ನಡುವೆ ಕೊಪ್ಪರಿಗೆ, ಕೆಳಗೆ ಉರಿ, ಮೇಲೆ ಹೊಗೆ, ಸುತ್ತ ಊರೇ ನೆರೆದಿದೆ. ಕಾದ ಪಾಕವನ್ನು ಹಿಮದ ಮೇಲೆ ಸುರಿದರೆ ತಟ್ಟನೆ ಅಂಟಿನ ಮಿಠಾಯಿಯಾಗುತ್ತದೆ. ಮಕ್ಕಳು ಅದಕ್ಕಾಗಿ ಕಾದಿರುತ್ತಾರೆ. ಆಲೆಮನೆಯಲ್ಲಿ ಬಿಸಿ ಜೋನಿಬೆಲ್ಲಕ್ಕೆ ಎಲೆ ಹಿಡಿದು ನಿಂತ ನೆನಪಿದ್ದವರಿಗೆ ಈ ಚಿತ್ರದ ರುಚಿ ಬೇರೆ ಹೇಳಬೇಕಾಗಿಲ್ಲ. ಈ ದೃಶ್ಯವನ್ನು ಅಜ್ಜಿ ಮತ್ತೆ ಮತ್ತೆ ಬರೆದಳು. 1943ರಲ್ಲಿ ಬರೆದದ್ದೊಂದು 2006ರ ಹರಾಜಿನಲ್ಲಿ ಹತ್ತು ಲಕ್ಷ ಡಾಲರಿಗೂ ಮೇಲ್ಪಟ್ಟ ಬೆಲೆಗೆ ಹೋಯಿತು.

ಇಷ್ಟೆಲ್ಲ ಸಿಹಿಯಾದರೆ ನಾಲಿಗೆ ಜಡ್ಡಾಗದೆ ಎಂದು ಕೇಳಿದವರಿದ್ದಾರೆ. ಕೇಳತಕ್ಕ ಪ್ರಶ್ನೆಯೇ. ಆ ಬಿಳಿಯ ಗುಡ್ಡಗಳಲ್ಲಿ ಟ್ರ್ಯಾಕ್ಟರು ಇಲ್ಲ, ತಂತಿಕಂಬ ಇಲ್ಲ. ತೀರಿಹೋದ ಐದು ಮಕ್ಕಳ ಸುಳಿವೂ ಇಲ್ಲ. ಎರಡನೆಯ ಮಹಾಯುದ್ಧದಿಂದ ಬಳಲಿದ ಅಮೆರಿಕಕ್ಕೆ ಇಂಥ ಹಳೆಯ ನೆಮ್ಮದಿಯ ಚಿತ್ರ ಬೇಕಾಗಿತ್ತು. ಹಾಗಾಗಿ ಅಷ್ಟು ಬೇಗ ಮಾರಾಟವಾಯಿತು ಎಂಬುದೂ ದಿಟ. ಆಕೆ ಕಂಡದ್ದನ್ನು ಬರೆಯಲಿಲ್ಲ, ನೆನೆದದ್ದನ್ನು ಬರೆದಳು. ಹಿಮದ ಬಣ್ಣಕ್ಕೆ ಬಾಗಿಲಾಚೆ ನೋಡಿದವಳೇ ಬಾಳಿನ ವಿಷಯಕ್ಕೆ ಬಂದಾಗ ಆಯ್ದು ನೋಡಿದಳೆ? ಇದನ್ನು ನಾನು ಅಲ್ಲಗಳೆಯಲಾರೆ. ಆದರೆ ಒಂದು ಸಾರಿ ಆಕೆಯ ಮನುಷ್ಯರನ್ನು ಎಣಿಸಿ ನೋಡಿ. ಅಷ್ಟು ಚಳಿಯಲ್ಲೂ ಸುಮ್ಮನೆ ಕೈ ಕಟ್ಟಿ ನಿಂತವರು ಅಪರೂಪ. ನೀರು ಹೊರುವವರು, ಸೌದೆ ಸಾಗಿಸುವವರು, ಕುದುರೆ ಬಿಗಿಯುವವರು, ಎಲ್ಲರಿಗೂ ಕೆಲಸವಿದೆ. ಕಷ್ಟವನ್ನು ಆಕೆ ಮರೆಮಾಚಿರಬಹುದು, ದುಡಿಮೆಯನ್ನು ಮರೆಮಾಚಲಿಲ್ಲ.

ಕೀರ್ತಿಯ ವಿವರಗಳನ್ನು ಬೇಗ ಹೇಳಿ ಮುಗಿಸಬಹುದು. 1940ರ ಅಕ್ಟೋಬರಿನಲ್ಲಿ ಆಟೊ ಕಾಲಿರ್ ಎಂಬಾತ ನ್ಯೂಯಾರ್ಕ್ ನಗರದ ತನ್ನ ಚಿತ್ರಮಂದಿರದಲ್ಲಿ ಆಕೆಯ ಮೊದಲ ಸ್ವಂತ ಪ್ರದರ್ಶನ ಏರ್ಪಡಿಸಿದ. ಮುಂದಿನ ತಿಂಗಳು ಒಂದು ದೊಡ್ಡ ಅಂಗಡಿಯವರು ಕೃತಜ್ಞತೆಯ ಹಬ್ಬಕ್ಕೆ ಆಹ್ವಾನಿಸಿದರು. ಅಜ್ಜಿ ತಾನು ಮಾಡಿದ ರೊಟ್ಟಿ, ಮುರಬ್ಬಗಳನ್ನೂ ಜೊತೆಗೆ ಕೊಂಡುಹೋಗಿ, ಚಿತ್ರಕಲೆಯ ಮಾತಿಗಾಗಿ ಕಾದಿದ್ದ ಸಭಿಕರಿಗೆ ಮುರಬ್ಬದ ವಿಷಯ ಹೇಳಿದಳು. 1946ರಿಂದ ಆಕೆಯ ಚಿತ್ರಗಳು ಕ್ರಿಸ್ಮಸ್ ಕಾಗದಗಳಾಗಿ ಅಂಚೆಯಲ್ಲಿ ಮನೆಮನೆಗೆ ಹೊರಟವು. 1949ರಲ್ಲಿ ಅಧ್ಯಕ್ಷ ಟ್ರೂಮನ್ ಆಕೆಗೆ ಪ್ರಶಸ್ತಿ ಕೊಟ್ಟ. ಚಿತ್ರ ಬರೆಯದಿದ್ದರೆ ಏನು ಮಾಡುತ್ತಿದ್ದೆ ಎಂಬ ಪ್ರಶ್ನೆಗೆ ಆಕೆಯ ಉತ್ತರ, ಕೋಳಿ ಸಾಕುತ್ತಿದ್ದೆ ಎಂಬುದು. ಇದನ್ನು ವಿನೋದವೆಂದು ಬರೆದುಕೊಂಡವರು ಉಂಟು. ಆಕೆ ವಿನೋದಕ್ಕೆ ಹೇಳಿದಳೆಂದು ನನಗೆ ತೋರುವುದಿಲ್ಲ.

ಒಟ್ಟು ಸಾವಿರದ ಐನೂರಕ್ಕೂ ಹೆಚ್ಚು ಚಿತ್ರಗಳು. ನೂರು ತುಂಬಿದ ವಯಸ್ಸಿನಲ್ಲಿ ಕ್ರಿಸ್ಮಸ್ ಹಿಂದಿನ ರಾತ್ರಿಯನ್ನು ಕುರಿತ ಮಕ್ಕಳ ಪದ್ಯವೊಂದಕ್ಕೆ ಚಿತ್ರಗಳನ್ನು ಬರೆದುಕೊಡಲು ಒಪ್ಪಿ, ಬರೆದೂ ಕೊಟ್ಟಳು. 1961ರ ಡಿಸೆಂಬರ್ 13ರಂದು, ಆ ವರ್ಷದ ಕ್ರಿಸ್ಮಸ್ಸಿಗೆ ಹನ್ನೆರಡು ದಿನ ಇದೆ ಎನ್ನುವಾಗ, 101 ವರ್ಷದ ಅಜ್ಜಿ ತೀರಿಕೊಂಡಳು. ಪುಸ್ತಕ ಮರುವರ್ಷ ಅಚ್ಚಾಯಿತು. ಆಕೆ ಹಲಗೆ ಇಟ್ಟುಕೊಂಡು ಬರೆಯುತ್ತಿದ್ದ ಹಳೆಯ ಮೇಜು ವರ್ಮಾಂಟಿನ ಬೆನಿಂಗ್ಟನ್ ಊರಿನ ಮ್ಯೂಸಿಯಮ್ಮಿನಲ್ಲಿದೆ. ಆ ಮೇಜಿನ ಮಗ್ಗುಲುಗಳನ್ನೂ ಆಕೆ ಬರಿದಾಗಿ ಬಿಟ್ಟಿಲ್ಲ. ಅಲ್ಲಿಯೂ ಚಿತ್ರ ಬರೆದಿದ್ದಾಳೆ.