ಪಂಪು ತೊಳೆದ ನೀರು ಹಳ್ಳಕ್ಕೆ ಬೇಡ



ಸಕಲೇಶಪುರದ ಕಾಫಿ ತೋಟವಿರಲಿ, ಆಲೂರಿನ ಶುಂಠಿ ಹೊಲವಿರಲಿ, ಔಷಧಿ ಹೊಡೆದ ಸಂಜೆ ಪಂಪನ್ನು ಎಲ್ಲಿ ತೊಳೆಯುತ್ತೀರಿ? ಹಲವರ ಉತ್ತರ ಒಂದೇ: ಪಕ್ಕದ ಹಳ್ಳದಲ್ಲಿ, ಇಲ್ಲವೇ ಕೆರೆಯ ಅಂಚಿನಲ್ಲಿ. ನೀರು ಹಾಲಿನಂತೆ ಬೆಳ್ಳಗಾಗಿ, ಸ್ವಲ್ಪ ಹೊತ್ತಿಗೆ ತಿಳಿಯಾಗುತ್ತದೆ. ಮೀನು ಸತ್ತು ತೇಲಲಿಲ್ಲವಾದರೆ ನೀರು ಕೆಟ್ಟಿಲ್ಲವೆಂದು ಸುಮ್ಮನಾಗುತ್ತೇವೆ. ಆದರೆ ಮೀನಿಗೂ ಮೊದಲೇ ಪೆಟ್ಟು ತಿನ್ನಬಹುದಾದ ಜೀವವೊಂದು ಆ ನೀರಿನಲ್ಲಿದೆ. ಅದೇ ಪಾಚಿ.

ಪಾಚಿ ಬರೀ ಕಸವಲ್ಲ

ಕಲ್ಲಿಗೆ ಅಂಟಿ ಕಾಲು ಜಾರಿಸುವ ಪಾಚಿ ನಿಮಗೆ ಗೊತ್ತು. ಬರಿಗಣ್ಣಿಗೆ ಬಿಡಿಯಾಗಿ ಕಾಣದೆ, ನೀರಿಗೆ ನಸುಹಸಿರು ಬಣ್ಣ ಕೊಡುವ ಪಾಚಿಯೂ ಉಂಟು. ಇದು ಬಿಸಿಲಿನಲ್ಲಿ ಆಹಾರ ತಯಾರಿಸಿ ನೀರಿಗೆ ಆಮ್ಲಜನಕ ಬಿಡುತ್ತದೆ. ಪಾಚಿಯನ್ನು ಸಣ್ಣ ಹುಳುಗಳು ತಿನ್ನುತ್ತವೆ, ಹುಳುಗಳನ್ನು ಮೀನಿನ ಮರಿಗಳು ತಿನ್ನುತ್ತವೆ. ದನಕ್ಕೆ ಗೋಮಾಳ ಹೇಗೋ ಮೀನಿಗೆ ಪಾಚಿ ಹಾಗೆ.

ಡಬ್ಬಿಯಲ್ಲಿ ಇನ್ನೇನಿದೆ?

ಡಬ್ಬಿಯ ಮೇಲೆ ‘20 ಇ.ಸಿ.’ ಎಂದಿದ್ದರೆ ಕೀಟ ಕೊಲ್ಲುವ ಔಷಧಿ ನೂರಕ್ಕೆ 20 ಪಾಲು ಮಾತ್ರ. ಉಳಿದದ್ದರಲ್ಲಿ ಹೆಚ್ಚಿನದು ಔಷಧಿಯನ್ನು ಕರಗಿಸಿಟ್ಟುಕೊಳ್ಳುವ ದ್ರಾವಕ. ಬಣ್ಣದ ಕಾರ್ಖಾನೆಗಳಲ್ಲೂ ಬಳಸುವ ಝೈಲೀನ್‌ನಂಥ ದ್ರವಗಳು ಇದಕ್ಕೆ ಬಳಕೆಯಲ್ಲಿವೆ. ಜೊತೆಗೆ ಬೆರೆಸಿರುವ ಎಮಲ್ಸಿಫೈಯರ್‌ನಿಂದಾಗಿ ಮಿಶ್ರಣ ನೀರಿನಲ್ಲಿ ಹಾಲಿನಂತಾಗುತ್ತದೆ.

ವಿಷ ಅಳೆಯುವ ಬಗೆ

ಪಾಚಿಗೆ ಇಂಥ ದ್ರಾವಕ ಎಷ್ಟು ವಿಷವೆಂದು ಅಳೆಯಲು ಓ.ಇ.ಸಿ.ಡಿ. ಎಂಬ ಅಂತರರಾಷ್ಟ್ರೀಯ ಸಂಸ್ಥೆ 1981ರಲ್ಲಿ ಒಂದು ವಿಧಾನ ಗೊತ್ತುಮಾಡಿತು. ಇದರಲ್ಲಿ ಹೆಚ್ಚಾಗಿ ಬಳಸುವುದು 1959ರಲ್ಲಿ ನಾರ್ವೆ ದೇಶದ ನದಿಯೊಂದರಿಂದ ತಂದು ಬೆಳೆಸಿದ, ಅರ್ಧಚಂದ್ರಾಕಾರದ ಹಸಿರು ಪಾಚಿ. ಕೆಲವು ಗಾಜಿನ ಪಾತ್ರೆಗಳಲ್ಲಿ ಪಾಚಿ ಮಾತ್ರ. ಉಳಿದವುಗಳಲ್ಲಿ ದ್ರಾವಕವನ್ನು ಹಂತ ಹಂತವಾಗಿ ಹೆಚ್ಚಿಸುತ್ತಾರೆ. 72 ಗಂಟೆ ಬೆಳಕಿನಲ್ಲಿಟ್ಟು ಜೀವಕೋಶಗಳನ್ನು ಎಣಿಸುತ್ತಾರೆ. ಔಷಧಿ ಹೊಡೆಯದ ಒಂದು ಪಟ್ಟಿ ಬಿಟ್ಟು ನೀವು ಬೆಳೆ ಹೋಲಿಸುವುದಿಲ್ಲವೆ? ಹಾಗೆಯೇ ಇದು. ದ್ರಾವಕವಿಲ್ಲದ ಪಾತ್ರೆಯಲ್ಲಿ ಪಾಚಿ ಕನಿಷ್ಠ 16 ಪಟ್ಟು ಹೆಚ್ಚದಿದ್ದರೆ ಆ ಪರೀಕ್ಷೆಯನ್ನೇ ಒಪ್ಪುವುದಿಲ್ಲ. ಬೆಳವಣಿಗೆಯನ್ನು ಅರ್ಧಕ್ಕೆ ಇಳಿಸುವ ಪ್ರಮಾಣವೇ ವಿಷದ ಅಳತೆ.

ಝೈಲೀನ್ ಬೇಗ ಆವಿಯಾಗುವ ವಸ್ತು. ಪಾತ್ರೆಯ ಬಾಯಿ ಮುಚ್ಚದಿದ್ದರೆ ಅದು ಹಾರಿಹೋಗಿ, ‘ಅಪಾಯವಿಲ್ಲ’ ಎಂಬ ತಪ್ಪು ಫಲಿತಾಂಶ ಬರುತ್ತದೆ. ಎಚ್ಚರಿಕೆಯಿಂದ ನಡೆಸಿದ ಪರೀಕ್ಷೆಗಳಲ್ಲಿ ಲೀಟರಿಗೆ ಕೆಲವೇ ಮಿಲಿಗ್ರಾಂ ಝೈಲೀನ್ ಪಾಚಿಯ ಬೆಳವಣಿಗೆಯನ್ನು ಅರ್ಧಕ್ಕೆ ಇಳಿಸಿದೆ. ಒಂದು ಮಿಲಿಲೀಟರ್ ಝೈಲೀನ್ ಸುಮಾರು 860 ಮಿಲಿಗ್ರಾಂ ತೂಗುತ್ತದೆ. ಲೀಟರಿಗೆ 4 ಮಿಲಿಗ್ರಾಂ ಎಂದು ಹಿಡಿದರೂ 200 ಲೀಟರ್ ನೀರಿಗೆ ಇಷ್ಟು ಸಾಕು!

ಮಳೆಗಾಲದ ತುಂಬು ಹಳ್ಳದಲ್ಲಿ ಇದು ಬೇಗ ತೆಳುವಾಗುತ್ತದೆ ನಿಜ. ಬೇಸಿಗೆಯಲ್ಲಿ ನಿಂತ ಮಡುವಿನ ಮಾತೇ ಬೇರೆ. ಅಲ್ಲಿ ಕೀಟನಾಶಕದ ವಿಷವೂ ಇದರ ಜೊತೆ ಸೇರುತ್ತದೆ. ಬೋರ್ಡೋ ದ್ರಾವಣದ ಮೈಲುತುತ್ತವೂ ಪಾಚಿಗೆ ವಿಷವೇ.

ಹಸಿರು ತ್ರಿಕೋನ ನಂಬಬೇಡಿ

ಡಬ್ಬಿಯ ಮೇಲಿನ ಕೆಂಪು, ಹಳದಿ, ನೀಲಿ, ಹಸಿರು ಗುರುತುಗಳು ನುಂಗಿದರೆ ಅಥವಾ ಚರ್ಮಕ್ಕೆ ತಾಗಿದರೆ ಎಷ್ಟು ವಿಷವೆಂಬುದನ್ನು ತಿಳಿಸುತ್ತವೆ. ಪಾಚಿಯ ವಿಷಯ ಅವು ಹೇಳುವುದಿಲ್ಲ. ಹಸಿರು ಗುರುತಿದೆಯೆಂದು ಹಳ್ಳಕ್ಕೆ ಸುರಿಯತಕ್ಕದ್ದಲ್ಲ.

ನೀವು ಮಾಡಬೇಕಾದ್ದು

1. ಅಂದಿಗೆ ಬೇಕಾದಷ್ಟೇ ಔಷಧಿ ಬೆರೆಸಿ.
2. ಖಾಲಿ ಡಬ್ಬಿಯನ್ನು ಮೂರು ಬಾರಿ ಗಲಬರಿಸಿ, ಆ ನೀರನ್ನು ಸಿಂಪರಣೆಯ ಮಿಶ್ರಣಕ್ಕೇ ಸೇರಿಸಿ.
3. ಪಂಪನ್ನು ತೋಟದಲ್ಲೇ ತೊಳೆದು, ತೊಳೆದ ನೀರನ್ನು ಔಷಧಿ ಹೊಡೆದ ಬೆಳೆಗೇ ಸಿಂಪಡಿಸಿ.
4. ಹಳ್ಳದ ದಡದ ಹುಲ್ಲು, ಪೊದೆ ಸವರಬೇಡಿ. ಹರಿದು ಬರುವ ನೀರನ್ನು ಅವು ತಡೆಯುತ್ತವೆ.
5. ಡಬ್ಬಿಗೆ ತೂತು ಹಾಕಿ, ಬಾವಿ-ಕೆರೆಗಳಿಂದ ದೂರ ಹೂಳಿ. ಮನೆ ಬಳಕೆಗೆ ಬೇಡವೇ ಬೇಡ.

ಸಂದೇಹವಿದ್ದರೆ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ.

ನಮ್ಮಲ್ಲಿ ಪೂರ್ವಕ್ಕೆ ಹರಿಯುವ ಹಳ್ಳಗಳು ಹೇಮಾವತಿ ಸೇರಿ ಗೊರೂರು ಜಲಾಶಯಕ್ಕೆ ಹೋಗುತ್ತವೆ. ಪಶ್ಚಿಮದವು ಘಟ್ಟವಿಳಿದು ನೇತ್ರಾವತಿಯ ಕಡೆಗೆ. ನಾವು ಮೇಲಿನವರು. ನಾವು ಬಿಟ್ಟ ನೀರನ್ನೇ ಕೆಳಗಿನವರು ಕುಡಿಯುತ್ತಾರೆಂಬುದನ್ನು ಪಂಪು ತೊಳೆಯುವಾಗ ನೆನೆಯಿರಿ.