ದಾರಿ ತೋರೋಕೆ ಡಬ್ಬಿ ಬೇಕೋ, ಮೊಬೈಲ್ ಸಾಕೋ?

ಕಾರು ಕಲಿತಿದ್ದೀರಿ. ಲೈಸೆನ್ಸ್ ಬಂದು ಆರೇಳು ವರ್ಷವೂ ಆಯ್ತು. ಮಕ್ಕಳ ಸ್ಕೂಲು, ತರಕಾರಿ ಮಾರ್ಕೆಟ್ಟು, ಅಮ್ಮನ ಮನೆ, ಶನಿವಾರದ ದೇವಸ್ಥಾನ... ಈ ನಾಲ್ಕು ದಾರಿಗಳಲ್ಲಿ ನಿಮ್ಮನ್ನು ಹಿಡಿಯೋರಿಲ್ಲ. ಆದರೆ ಐದನೇ ದಾರಿ ಅಂದ ಕೂಡಲೇ? ‘ರೀ, ಭಾನುವಾರ ನೀವೇ ಕರ್ಕೊಂಡು ಹೋಗಿಬಿಡಿ’ ಅನ್ನೋ ಮಾತು ತಾನಾಗೇ ಬಾಯಿಗೆ ಬಂದುಬಿಡುತ್ತೆ. ಅಲ್ವೇ?

ಸಂಕೋಚ ಬೇಡ, ನಾನೂ ಹಾಗೇ ಇದ್ದವಳು. ಗಾಡಿ ಓಡಿಸೋಕೆ ಭಯವಿರಲಿಲ್ಲ, ದಾರಿ ತಪ್ಪಿದರೆ ಏನು ಗತಿ ಅನ್ನೋದೇ ಭಯ. ಒನ್‌ವೇ ಬಾಯಲ್ಲಿ ಸಿಕ್ಕಿಹಾಕಿಕೊಂಡು, ಹಿಂದಿನಿಂದ ನಾಲ್ಕು ಜನ ಹಾರ್ನ್ ಹೊಡೆದು, ಯಾರೋ ಕಿಟಕಿ ಇಳಿಸಿ ‘ಲೇಡೀಸ್ ಡ್ರೈವಿಂಗು’ ಅನ್ನೋದನ್ನ ಕೇಳಿಸಿಕೊಳ್ಳೋದು ಯಾರಿಗೆ ಬೇಕು ಹೇಳಿ?

ಆದರೆ ಒಂದು ದಿನ ಬೇರೆ ದಾರಿ ಇರಲಿಲ್ಲ. ಮಗಳ ಪ್ರವೇಶ ಪರೀಕ್ಷೆ. ನಮ್ಮ ಮನೆ ರಾಜಾಜಿನಗರದಲ್ಲಿ, ಸೆಂಟರ್ ಬಿದ್ದದ್ದು ಯಲಹಂಕದಾಚೆಯ ಕಾಲೇಜೊಂದಕ್ಕೆ. ಯಜಮಾನರು ಊರಲ್ಲಿರಲಿಲ್ಲ. ‘ಕಾರಲ್ಲಿ ಜಿಪಿಎಸ್ ಡಬ್ಬಿ ಇದೆಯಲ್ಲ, ಹಾಕ್ಕೊಂಡು ಹೋಗು’ ಅಂದರು. ಅವರು ಬಹಳ ಹಿಂದೆ ಆಸೆಪಟ್ಟು ತಂದಿದ್ದ ಡಬ್ಬಿ ಅದು. ತಂದ ಮೇಲೆ ಒಂದು ಸಲವೂ ಅದರ ನಕ್ಷೆ ಹೊಸದು ಮಾಡಿಸಿರಲಿಲ್ಲ. ಆನ್ ಮಾಡಿದರೆ ಉಪಗ್ರಹ ಹುಡುಕೋದರಲ್ಲೇ ಐದಾರು ನಿಮಿಷ ಕಳೀತು. ಆಮೇಲೆ, ಒನ್‌ವೇ ಆಗಿ ಯಾವ ಕಾಲವಾಗಿದ್ದ ರಸ್ತೆಗೆ ‘ಎಡಕ್ಕೆ ತಿರುಗಿ’ ಅಂತ ಒಂದೇ ಸಮನೆ ಹಟ. ಮೊಬೈಲ್ ತೆಗೆದೆ, ಚಾರ್ಜು ಒಂಬತ್ತು ಪರ್ಸೆಂಟ್! ಕೇಬಲ್ ಮನೆಯ ಫ್ರಿಜ್ ಮೇಲೆ. ಹಿಂದಿನ ಸೀಟಲ್ಲಿ ಮಗಳು ಅಳೋಕೆ ಶುರು. ಕೊನೆಗೆ ಒಬ್ಬ ಆಟೋದವರು ‘ಬನ್ನಿ ಅಕ್ಕಾ, ನನ್ನ ಹಿಂದೇನೇ ಬನ್ನಿ’ ಅಂತ ಕಾಲೇಜಿನ ಗೇಟಿನವರೆಗೂ ಮುಂದೆ ಹೋದರು. ಗೇಟು ಮುಚ್ಚೋಕೆ ಹತ್ತು ನಿಮಿಷ ಉಳಿದಿತ್ತು ಅಷ್ಟೇ. ಆ ಗಲಾಟೆಯಲ್ಲಿ ಅವರಿಗೆ ಥ್ಯಾಂಕ್ಸ್ ಹೇಳೋದೂ ಮರೆತೆ.

ಅವತ್ತು ರಾತ್ರಿಯೇ ಡಬ್ಬಿ ಮತ್ತು ಮೊಬೈಲ್ ಎರಡನ್ನೂ ಊಟದ ಟೇಬಲ್ ಮೇಲೆ ಇಟ್ಟುಕೊಂಡು ಕೂತೆ.

ನೆಟ್ ಇಲ್ಲದಿದ್ದರೆ ಜಿಪಿಎಸ್ ಇಲ್ವಾ?

ನಮ್ಮಲ್ಲಿ ಬಹಳ ಜನ ಹೀಗೇ ತಿಳಿದಿರೋದು. ನಿಜ ಅದಲ್ಲ. ಜಿಪಿಎಸ್ ಅಂದರೆ ಅಮೆರಿಕದವರು ಹಾರಿಸಿರುವ ಸುಮಾರು ಮೂವತ್ತು ಉಪಗ್ರಹಗಳ ಗುಂಪು. ಭೂಮಿಯಿಂದ ಇಪ್ಪತ್ತು ಸಾವಿರ ಕಿ.ಮೀ. ಎತ್ತರದಲ್ಲಿ ಸುತ್ತುತ್ತಾ ಸಂಕೇತ ಕಳಿಸ್ತಾನೇ ಇರುತ್ತವೆ. ನಮ್ಮ ಕಾರಿನ ಡಬ್ಬಿಯಾಗಲೀ ಮೊಬೈಲಾಗಲೀ ರೇಡಿಯೋ ಥರ ಅದನ್ನು ಕೇಳಿಸಿಕೊಂಡು, ‘ನಾನು ಇಂಥ ಕಡೆ ಇದ್ದೀನಿ’ ಅಂತ ಲೆಕ್ಕ ಹಾಕುತ್ತವೆ. ಇದಕ್ಕೆ ದುಡ್ಡೂ ಇಲ್ಲ, ಡೇಟಾ ಪ್ಯಾಕೂ ಬೇಡ. ಮೊಬೈಲಿಗೆ ನೆಟ್ ಬೇಕಾಗೋದು ನಕ್ಷೆ ತರಿಸಿಕೊಳ್ಳೋಕೆ, ಎಲ್ಲಿ ಟ್ರಾಫಿಕ್ ಜಾಮ್ ಆಗಿದೆ ಅಂತ ತಿಳಿಯೋಕೆ. ಜೊತೆಗೆ ಆನ್ ಮಾಡಿದ ತಕ್ಷಣ ಉಪಗ್ರಹ ಬೇಗ ಸಿಗೋಕೂ ಸಹಾಯವಾಗುತ್ತೆ. ಡಬ್ಬಿಗೆ ಆ ಸಹಾಯವಿಲ್ಲ, ಅದಕ್ಕೇ ತಡ.

ಹಾಗಾದರೆ ಡಬ್ಬಿಯ ಲಾಭ ಏನು? ಇಡೀ ದೇಶದ ನಕ್ಷೆ ಅದರ ಹೊಟ್ಟೆಯಲ್ಲೇ ಇರುತ್ತೆ. ಶಿರಾಡಿ ಘಾಟಿಯಲ್ಲಿ ಮೊಬೈಲ್ ಟವರ್ ಕೈಕೊಟ್ಟರೂ ಅದಕ್ಕೆ ಚಿಂತೆಯಿಲ್ಲ. ಮಧ್ಯದಲ್ಲಿ ನಾದಿನಿ ಫೋನ್ ಮಾಡಿ ಪರದೆ ತುಂಬಾ ಬಂದು ಕೂರೋದಿಲ್ಲ. ಆ ಲಾಭವೇ ಅದರ ತೊಂದರೆ ಕೂಡ. ಹೊಟ್ಟೆಯಲ್ಲಿರೋ ನಕ್ಷೆ ಹಳತಾದರೆ ಡಬ್ಬಿಯೂ ಹಳತು. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದದ್ದು 2023ರ ಮಾರ್ಚ್‌ನಲ್ಲಿ. ಅದಕ್ಕೂ ಎಷ್ಟೋ ವರ್ಷ ಹಿಂದಿನ ಡಬ್ಬಿ ಹಾಕ್ಕೊಂಡು ಬೈಪಾಸ್‌ನಲ್ಲಿ ಹೋದರೆ, ನಿಮ್ಮ ಕಾರು ಕಬ್ಬಿನ ಗದ್ದೆ ಮಧ್ಯೆ ಓಡ್ತಿರೋ ಹಾಗೆ ತೋರಿಸುತ್ತೆ! ನಕ್ಷೆ ಹೊಸದು ಮಾಡಬೇಕು ಅಂದರೆ ಸಾಮಾನ್ಯವಾಗಿ ಕಂಪ್ಯೂಟರ್‌ಗೆ ಜೋಡಿಸಬೇಕು, ಗಂಟೆಗಟ್ಟಲೆ ಕಾಯಬೇಕು. ನಮ್ಮ ಮನೆಯಲ್ಲಿ ಅಷ್ಟು ತಾಳ್ಮೆ ಯಾರಿಗಿದೆ?

2009ರಲ್ಲಿ ಗೂಗಲ್ ಮೊಬೈಲಿನಲ್ಲೇ ಪುಕ್ಕಟೆಯಾಗಿ ದಾರಿ ಹೇಳೋಕೆ ಶುರು ಮಾಡಿದಾಗ ಡಬ್ಬಿ ಮಾರುವ ಕಂಪೆನಿಗಳ ಷೇರು ಧಡಕ್ಕನೆ ಬಿದ್ದಿದ್ದು ಸುಮ್ಮನೆ ಅಲ್ಲ. ಡಬ್ಬಿಗೆ ಹೆಸರಾಗಿದ್ದ ನಮ್ಮ ದೇಶದ ಮ್ಯಾಪ್‌ಮೈಇಂಡಿಯಾದವರೂ ಈಗ ‘ಮ್ಯಾಪಲ್ಸ್’ ಅನ್ನೋ ಆ್ಯಪನ್ನು ಪುಕ್ಕಟೆ ಕೊಡ್ತಾರೆ.

ಪೇಟೆಯಲ್ಲಿ ಓಡಾಡೋ ನಮಗೆ ಮೊಬೈಲಿನ ನಿಜವಾದ ಉಪಕಾರ ಅಂದರೆ ಟ್ರಾಫಿಕ್. ಅದು ಹೇಗೆ ಗೊತ್ತಾಗುತ್ತೆ ಗೊತ್ತಾ? ಆ ರಸ್ತೆಯಲ್ಲಿ ಹೋಗ್ತಿರೋ ಬೇರೆಯವರ ಮೊಬೈಲ್‌ಗಳು ಎಷ್ಟು ನಿಧಾನವಾಗಿ ಸಾಗ್ತಿವೆ ಅನ್ನೋದನ್ನ ನೋಡಿ. ಸ್ಕೂಲು ಬಿಡೋ ಹೊತ್ತಿಗೆ ಹೆಬ್ಬಾಳ ಕೆಂಪಾಗಿದೆಯೋ ಹಸಿರಾಗಿದೆಯೋ ಅಂತ ಅಡುಗೆಮನೆಯಲ್ಲೇ ನೋಡಿಕೊಂಡು ಹೊರಡಬಹುದು. 2018ರಿಂದ ಗೂಗಲ್ ಮ್ಯಾಪ್ ಕನ್ನಡದಲ್ಲೂ ದಾರಿ ಹೇಳುತ್ತೆ. ಅದರ ಕನ್ನಡ ಸ್ವಲ್ಪ ಪುಸ್ತಕದ ಕನ್ನಡ, ನಗು ಬಂದರೂ ಅರ್ಥವಾಗುತ್ತೆ.

ಹಿಂದಿನ ರಾತ್ರಿಯ ಕೆಲಸ

ಇಡ್ಲಿಗೆ ಹಿಂದಿನ ದಿನವೇ ರುಬ್ಬಿಟ್ಟ ಹಾಗೆ ಇದಕ್ಕೂ ಸ್ವಲ್ಪ ತಯಾರಿ ಬೇಕು. ಮನೆಯ ವೈಫೈ ಇರುವಾಗಲೇ ಗೂಗಲ್ ಮ್ಯಾಪ್‌ನಲ್ಲಿ ನಿಮ್ಮ ಫೋಟೋ ಇರುವ ಗುಂಡನೆ ಚಿತ್ರ ಒತ್ತಿ, ‘ಆಫ್‌ಲೈನ್ ಮ್ಯಾಪ್ಸ್’ಗೆ ಹೋಗಿ, ನೀವು ಹೋಗೋ ಊರಿನ ಭಾಗ ಇಳಿಸಿಕೊಳ್ಳಿ. ಆಮೇಲೆ ಘಾಟಿಯಲ್ಲಿ ನೆಟ್ ಹೋದರೂ ಕಾರಿನ ದಾರಿ ತೋರಿಸುತ್ತೆ. ಟ್ರಾಫಿಕ್ ಮಾತ್ರ ಹೇಳೋದಿಲ್ಲ. ಇಳಿಸಿಕೊಂಡದ್ದನ್ನ ಆಗಾಗ ಹೊಸದು ಮಾಡ್ತಿರಿ, ಇಲ್ಲದಿದ್ದರೆ ನಮ್ಮ ಮನೆ ಡಬ್ಬಿಯ ಕಥೆಯೇ.

ಮನೆಯ ಕೇಬಲ್ ಮನೆಯಲ್ಲೇ ಇರಲಿ. ಕಾರಿಗೇ ಅಂತ ಒಂದು ಚಾರ್ಜರ್, ಒಂದು ಕೇಬಲ್ ತಂದು ಅಲ್ಲೇ ಬಿಡಿ. ಮಕ್ಕಳು ಎತ್ತಿಕೊಂಡು ಹೋಗದ ಹಾಗೆ ಹೇಳಿಯೂ ಇಡಿ! ಜೊತೆಗೆ ಫೋನ್ ಸಿಕ್ಕಿಸೋ ಒಂದು ಸ್ಟ್ಯಾಂಡ್. ಎ.ಸಿ. ಗಾಳಿ ಬರುವ ಜಾಗಕ್ಕೆ ಸಿಕ್ಕಿಸೋದು ವಾಸಿ ಅನ್ನೋದು ನನ್ನ ಅನುಭವ. ಗಾಜಿಗೆ ಅಂಟಿಸಿದರೆ ಮಧ್ಯಾಹ್ನದ ಬಿಸಿಲಿಗೆ ಫೋನು ಕಾದು ಆಫ್ ಆಗಿಬಿಡಬಹುದು, ಎದುರಿನ ರಸ್ತೆಗೂ ಅಡ್ಡ.

ಸ್ಟ್ಯಾಂಡ್ ಯಾಕೆ, ತೊಡೆ ಮೇಲೆ ಇಟ್ಟುಕೊಂಡರಾಯ್ತು ಅಂತೀರಾ? ಖಂಡಿತ ಬೇಡ. 2019ರ ತಿದ್ದುಪಡಿಯ ನಂತರ ಮೊಬೈಲ್ ಕೈಯಲ್ಲಿ ಹಿಡಿದು ಓಡಿಸೋದು ಅಪಾಯಕಾರಿ ಚಾಲನೆಯ ಲೆಕ್ಕ. 2020ರ ಅಕ್ಟೋಬರ್‌ನಿಂದ ದಾರಿ ನೋಡೋಕೆ ಮಾತ್ರ ಫೋನ್ ಬಳಸಬಹುದು ಅಂತ ನಿಯಮ ಬಂತು, ಅದೂ ಓಡಿಸುವವರ ಗಮನ ಕೆಡದ ಹಾಗೆ. ಹೋಗೋ ಜಾಗದ ಹೆಸರು ಹಾಕೋದು, ಬದಲಾಯಿಸೋದು ಎಲ್ಲಾ ಗಾಡಿ ನಿಲ್ಲಿಸಿಯೇ. ಓಡಿಸುವಾಗ ಕಿವಿ ಕೊಟ್ಟರೆ ಸಾಕು, ಕಣ್ಣು ರಸ್ತೆಯ ಮೇಲಿರಲಿ.

ಹೊರಡೋ ಮುಂಚೆ ನಿಮ್ಮ ಪ್ರಯಾಣವನ್ನು ಮನೆಯವರಿಗೆ ‘ಶೇರ್’ ಮಾಡಿ. ನೀವೆಲ್ಲಿದ್ದೀರಿ ಅಂತ ಅವರಿಗೆ ಅವರ ಫೋನಿನಲ್ಲೇ ಕಾಣುತ್ತೆ. ನಮ್ಮತ್ತೆ ಹತ್ತು ನಿಮಿಷಕ್ಕೊಮ್ಮೆ ‘ಎಲ್ಲಿದ್ದೀಯಮ್ಮಾ’ ಅಂತ ಫೋನ್ ಮಾಡೋದು ನಿಂತಿದ್ದೇ ಇದರಿಂದ.

ಹೇಳಿದ್ದೆಲ್ಲಾ ಕೇಳಬೇಡಿ

2024ರ ನವೆಂಬರ್‌ನಲ್ಲಿ ಉತ್ತರಪ್ರದೇಶದ ಬರೇಲಿ ಹತ್ತಿರ ನಡೆದದ್ದು ಓದಿದ್ದೀರೇನೋ. ಮ್ಯಾಪ್ ತೋರಿಸಿದ ಹಾಗೆ ಹೋದ ಕಾರು, ಅರ್ಧಕ್ಕೇ ತುಂಡಾಗಿದ್ದ ಸೇತುವೆಯಿಂದ ರಾಮಗಂಗಾ ನದಿಗೆ ಬಿದ್ದು ಮೂವರು ತೀರಿಕೊಂಡರು. ಸೇತುವೆಯ ಒಂದು ಭಾಗ ಪ್ರವಾಹದಲ್ಲಿ ಮೊದಲೇ ಕೊಚ್ಚಿಹೋಗಿತ್ತು. ಇಲ್ಲಿ ಡಬ್ಬಿ ಇದ್ದಿದ್ದರೂ ಅಷ್ಟೇ, ಮೊಬೈಲ್ ಆದರೂ ಅಷ್ಟೇ. ಮುಂದೆ ದೀಪವಿಲ್ಲ, ಬೇರೆ ಗಾಡಿ ಇಲ್ಲ, ರಸ್ತೆ ಸಣ್ಣಗಾಗ್ತಾ ಹೋಗ್ತಿದೆ ಅನ್ನಿಸಿದರೆ ನಿಲ್ಲಿಸಿ, ಒಬ್ಬರನ್ನು ಕೇಳಿ. ಕೇಳೋದು ನಮಗೇನೂ ಅವಮಾನವಲ್ಲ (ಗಂಡಸರ ವಿಷಯ ನಾನು ಹೇಳೋದಿಲ್ಲ).

ನಮ್ಮ ಕಡೆಯ ಒಂದೆರಡು ವಿಷಯ ನೆನಪಿರಲಿ. ಬಂಡೀಪುರ ಕಾಡಿನ ರಸ್ತೆಯಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಸಂಚಾರಕ್ಕೆ ನಿಷೇಧವಿದೆ. ಊಟಿಗೋ ವಯನಾಡಿಗೋ ಹೊರಟವರು ಮ್ಯಾಪ್ ಹೇಳಿದ ಸಮಯಕ್ಕಿಂತ ಒಂದು ಗಂಟೆ ಮೊದಲೇ ಹೊರಡಿ. ಇನ್ನು ಹೊಸೂರು ರಸ್ತೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಕಡೆ ಹೋಗುವಾಗ, ನೀವು ಮೇಲಿನ ಫ್ಲೈಓವರ್‌ನಲ್ಲಿ ಇದ್ದೀರೋ ಕೆಳಗಿನ ರಸ್ತೆಯಲ್ಲಿ ಇದ್ದೀರೋ ಅನ್ನೋದು ಜಿಪಿಎಸ್‌ಗೆ ಸರಿಯಾಗಿ ತಿಳಿಯೋದು ಕಷ್ಟ. ಅಂಥ ಕಡೆ ಅದರ ಮಾತಿಗಿಂತ ರಸ್ತೆಯ ಹಸಿರು ಬೋರ್ಡನ್ನೇ ನಂಬಿ.

ಹಾಗಾದರೆ ಡಬ್ಬಿ ಕೊಳ್ಳಲೇಬಾರದಾ? ಮಲೆನಾಡಿನ ಕಡೆ ಪದೇ ಪದೇ ಓಡಾಡುವವರು, ಕಾರಲ್ಲಿ ಫೋನೇ ಮುಟ್ಟಬಾರದು ಅಂತ ಶಿಸ್ತು ಮಾಡಿಕೊಂಡವರು, ನಕ್ಷೆ ಹೊಸದು ಮಾಡೋ ತಾಳ್ಮೆ ಇರುವವರು ಬೇಕಾದರೆ ಕೊಳ್ಳಿ. ಉಳಿದವರಿಗೆ ಆ ದುಡ್ಡಿನಲ್ಲಿ ಒಳ್ಳೆಯ ಸ್ಟ್ಯಾಂಡು, ಚಾರ್ಜರು ಬಂದು ಇನ್ನೂ ಮಿಗುತ್ತೆ. ಹೊಸ ಕಾರು ಕೊಳ್ಳೋ ಯೋಚನೆ ಇದ್ದರೆ ಇನ್ನೊಂದು ಮಾತು. ‘ನ್ಯಾವಿಗೇಷನ್ ಇದೆ’ ಅಂತ ಶೋರೂಮಿನವರು ದುಬಾರಿ ಮಾಡೆಲ್ ತೋರಿಸ್ತಾರೆ. ಆ್ಯಂಡ್ರಾಯ್ಡ್ ಆಟೋ ಅಥವಾ ಆ್ಯಪಲ್ ಕಾರ್‌ಪ್ಲೇ ಇದೆಯಾ ಅಂತ ಮೊದಲು ಕೇಳಿ. ಇದ್ದರೆ ನಿಮ್ಮ ಫೋನಿನ ಮ್ಯಾಪೇ ಕಾರಿನ ದೊಡ್ಡ ಪರದೆಯಲ್ಲಿ ಬರುತ್ತೆ, ನ್ಯಾವಿಗೇಷನ್‌ಗೆ ಅಂತಲೇ ಜಾಸ್ತಿ ದುಡ್ಡು ಕೊಡಬೇಕಿಲ್ಲ. ಕಾರಿನದ್ದೇ ಮ್ಯಾಪ್ ಇದ್ದರೆ, ಅದನ್ನು ಹೊಸದು ಮಾಡೋಕೆ ಎಷ್ಟಾಗುತ್ತೆ ಅಂತ ಕೇಳದೆ ಬರಬೇಡಿ.

ಮೊದಲ ಸಲ ಮಾತ್ರ ಗೊತ್ತಿಲ್ಲದ ಜಾಗಕ್ಕೆ ಹೊರಡಬೇಡಿ. ಈ ಭಾನುವಾರ ಬೆಳಿಗ್ಗೆ ಅಮ್ಮನ ಮನೆಗೇ ಮ್ಯಾಪ್ ಹಾಕಿಕೊಂಡು ಹೋಗಿ. ದಾರಿ ನಿಮಗೆ ಗೊತ್ತು, ಅದರ ಭಾಷೆ ಮಾತ್ರ ಹೊಸದು. ಅದು ‘ಇನ್ನೂರು ಮೀಟರ್’ ಅಂದರೆ ಎಷ್ಟು ದೂರ, ಎಷ್ಟು ಮೊದಲೇ ಹೇಳುತ್ತೆ, ತಿರುವು ತಪ್ಪಿದರೆ ಎಷ್ಟು ಬೇಗ ಬೇರೆ ದಾರಿ ಕೊಡುತ್ತೆ ಅನ್ನೋದು ನಿಧಾನಕ್ಕೆ ತಲೆಗೆ ಹೋಗುತ್ತೆ. ಬೇಕಂತಲೇ ಒಂದು ತಿರುವು ತಪ್ಪಿಸಿಯೂ ನೋಡಿ. ಅದು ಬಯ್ಯೋದಿಲ್ಲ, ಹಾರ್ನೂ ಹೊಡೆಯೋದಿಲ್ಲ.